ಪೆಟ್ಟಿಗೆಯ ಬೆನ್ನು

ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತಿದ್ದರೂ ಅವನ ಗಮನವೆಲ್ಲ ಡ್ರೈವರಿನ ಮುಂದಿದ್ದ ಸ್ವಿಚ್ಚುಗಳ ಮೇಲೆ. ಏಳು ಸ್ವಿಚ್ಚು, ಅದರಲ್ಲಿ ನಾಲ್ಕರ ಬರಹ ಬೆರಳು ತಾಗಿ ತಾಗಿ ಅಳಿಸಿಹೋಗಿದೆ. ಆದರೂ ಡ್ರೈವರ್ ರಸ್ತೆಯಿಂದ ಕಣ್ಣು ತೆಗೆಯದೆ ಒಂದನ್ನು ಒತ್ತುತ್ತಾನೆ, ಬಾಗಿಲು ತೆರೆಯುತ್ತದೆ. ಇನ್ನೊಂದನ್ನು ಒತ್ತುತ್ತಾನೆ, ಮುಚ್ಚುತ್ತದೆ. ನೋಡು ಅಕ್ಕ, ಕಸುಬು ಗೊತ್ತಿದ್ದವನಿಗೆ ಅಕ್ಷರವೇ ಬೇಡ ಎಂದು ಹೇಳಬೇಕೆನಿಸಿತು. ಬಾಯಿಯ ತನಕ ಬಂದಿದ್ದನ್ನು ನುಂಗಿಕೊಂಡ. ಮೂರು ವರ್ಷದಿಂದ ಅವಳೆದುರು ಸ್ವಿಚ್ಚು, ವೈರು, ಅಕ್ಷರ ಎಂಬ ಮಾತು ಬಂದರೆ ಅವನ ನಾಲಿಗೆ ತಾನಾಗಿಯೇ ಹಿಂದೆ ಸರಿಯುತ್ತದೆ. ಆದರೆ ಇವತ್ತು ಸುಮ್ಮನೆ ಕೂರುವುದೂ ಕಷ್ಟ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎರಡು ಸಲ ಗಡ್ಡ ಹೆರೆದುಕೊಂಡಿದ್ದ. ಎರಡನೆಯ ಸಲ ಯಾಕೆ ಎಂದು ಹೆಂಡತಿ ಕೇಳಿದಾಗ, ಮೊದಲನೆಯ ಸಲ ಹೆರೆದದ್ದೇ ಅವನಿಗೆ ನೆನಪಿರಲಿಲ್ಲ. ಅಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟು, ಕನ್ನಡಕದ ಡಬ್ಬಿ ಒಳಗಿದೆಯೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಅವಳು ಬರಲು ಒಪ್ಪಿದ್ದೇ ದೊಡ್ಡದು. ಒಪ್ಪಿಸಿದವಳು ಅವನ ಹೆಂಡತಿ, ಅವನಲ್ಲ.

ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಅವನ ಹೆಸರು ಯಾರಿಗೂ ಬೇಕಾಗಿಲ್ಲ. ಎಲ್ಲರೂ ಅಕ್ಷರಪ್ಪ ಎನ್ನುತ್ತಾರೆ. ಧ್ವನಿಮುದ್ರಣದ ಸ್ಟುಡಿಯೋಗಳಿಗೆ ಬೇಕಾದ ದೊಡ್ಡ ದೊಡ್ಡ ಯಂತ್ರಗಳನ್ನು ಮಾಡುವ ಜಾಗ ಅದು. ಯಾವ ತಿರುಪಿನ ಮೇಲೆ ಏನು ಬರೆಯಬೇಕು, ಯಾವ ತೂತಿನ ಪಕ್ಕ ಏನು, ಎಷ್ಟು ದಪ್ಪ, ಎಷ್ಟು ದೂರ, ಇದೆಲ್ಲ ಇಪ್ಪತ್ತಾರು ವರ್ಷದಿಂದ ಅವನ ಪಾಲಿನ ಕೆಲಸ. ಸ್ಟುಡಿಯೋ ಯಂತ್ರಕ್ಕೆ ಬರೆಯುವುದು ಸುಲಭ. ಅಲ್ಲಿ ಕೂರುವವನ ತಲೆಯಲ್ಲಿ ಅರ್ಧ ಮಾತು ಮೊದಲೇ ಇರುತ್ತದೆ. ಉಳಿದರ್ಧಕ್ಕೆ ಎರಡು ಮೂರು ಅಕ್ಷರ ಕೊಟ್ಟರೆ ಸಾಕು. ಇನ್, ಔಟ್, ಗೇನ್. ಗಂಡ ಹೆಂಡಿರ ಮಾತಿನ ಹಾಗೆ, ಹೊರಗಿನವರಿಗೆ ಅರ್ಥವಾಗಬೇಕಾಗಿಲ್ಲ. ಆದರೆ ಈ ವರ್ಷ ಮೊದಲ ಬಾರಿಗೆ ಮನೆಗಳಿಗೆಂದು ಒಂದು ಪುಟ್ಟ ಧ್ವನಿಪೆಟ್ಟಿಗೆ ತಯಾರಾಗಿತ್ತು. ಟಿವಿ, ಟೇಪು, ರೇಡಿಯೋ ಎಲ್ಲವನ್ನೂ ಅದಕ್ಕೆ ಸಿಕ್ಕಿಸಿದರೆ ಎರಡು ಸ್ಪೀಕರಿನಲ್ಲಿ ಸೊಗಸಾಗಿ ಕೇಳಬಹುದು. ಮನೆಯವರ ತಲೆಯಲ್ಲಿ ಅರ್ಧ ಮಾತೂ ಇರುವುದಿಲ್ಲ. ಎಲ್ಲವನ್ನೂ ಬರೆದರೆ ಹೆದರುತ್ತಾರೆ, ಬರೆಯದಿದ್ದರೆ ತಪ್ಪುತ್ತಾರೆ. ನಾಲ್ಕು ತಿಂಗಳು ಅವನು ಊಟದಲ್ಲಿ ಉಪ್ಪಿದೆಯೋ ಇಲ್ಲವೋ ನೋಡದೆ ಪೆಟ್ಟಿಗೆಯ ಹಿಂಬದಿಯ ಹನ್ನೊಂದು ಮಾತುಗಳನ್ನು ತಿದ್ದಿದ. ಇನ್ ತೆಗೆದುಹಾಕಿ ‘ಟಿವಿಯಿಂದ’ ಎಂದು ಬರೆದ ದಿನ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದ. ಔಟ್ ಅಲ್ಲ, ‘ಸ್ಪೀಕರಿಗೆ’. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅಷ್ಟೇ ತಾನೇ ಮನುಷ್ಯನಿಗೆ ಬೇಕಾದದ್ದು! ಮುಂದಿನ ತಿರುಪುಗಳ ಹೆಸರನ್ನು ಕೆಳಗಲ್ಲ, ಮೇಲೆ ಬರೆಸಿದ. ಕೆಳಗೆ ಬರೆದರೆ ತಿರುಗಿಸುವ ಕೈಯೇ ಹೆಸರನ್ನು ಮುಚ್ಚುತ್ತದೆ. ನಿನ್ನೆ ಲೆಕ್ಕ ವಿಭಾಗದವರೊಬ್ಬರ ಅತ್ತೆಯನ್ನೂ ಕ್ಯಾಂಟೀನಿನ ಅಡಿಗೆಯಾಕೆಯನ್ನೂ ಕರೆದು ಪರೀಕ್ಷೆ ಮಾಡಿದರು. ಇಬ್ಬರೂ ಪೆಟ್ಟಿಗೆಯನ್ನು ಮೇಜಿನ ಮೇಲೆ ತಮ್ಮ ಕಡೆ ತಿರುಗಿಸಿಕೊಂಡು, ಓದಿ, ಐದೇ ನಿಮಿಷದಲ್ಲಿ ವೈರು ಸಿಕ್ಕಿಸಿದರು. ಇವತ್ತು ಮೂರನೆಯವರು, ಅಕ್ಕ. ಇವಳೂ ಗೆದ್ದರೆ ಮಧ್ಯಾಹ್ನ ಒಂದಕ್ಕೆ ಅಚ್ಚಿನ ಕೋಣೆಗೆ ಹೋಗುತ್ತದೆ, ಆಮೇಲೆ ಐದು ಸಾವಿರ ಪೆಟ್ಟಿಗೆಗಳ ಮೇಲೆ ಅವನ ಅಕ್ಷರ.

ಅವನಿಗೆ ಬೇಕಾಗಿದ್ದದ್ದು ಐದು ಸಾವಿರವಲ್ಲ. ಅಕ್ಕ ಒಂದು ವೈರನ್ನು ಕೈಯಲ್ಲಿ ಹಿಡಿದು, ಅಂಜದೆ, ಒಂದು ತೂತಿಗೆ ಸಿಕ್ಕಿಸುವುದನ್ನು ನೋಡಬೇಕು, ಅದೊಂದೇ. ಮೂರು ವರ್ಷದ ಹಿಂದೆ ಅವನು ಕಾರ್ಖಾನೆಯಿಂದ ಹಳೆಯ ಸ್ಟುಡಿಯೋ ಯಂತ್ರವೊಂದನ್ನು ಮನೆಗೆ ತಂದಿಟ್ಟಿದ್ದ. ಭಾನುವಾರ, ಬೀಗರು ಬಂದಿದ್ದರು, ಹಜಾರ ತುಂಬಾ ಜನ. ಅಕ್ಕ ಸಡಗರದಿಂದ, ಎಲ್ಲರಿಗೂ ಹಾಡು ಕೇಳಿಸುತ್ತೇನೆ ಎಂದು, ಟೇಪಿನ ವೈರನ್ನು ತಾನೇ ಸಿಕ್ಕಿಸಿದಳು. ಸಿಕ್ಕಿಸಿದ ತೂತು ಬೇರೆ. ಸ್ಪೀಕರ್ ಒಮ್ಮೆ ಕಿರುಚಿ, ಹೊಗೆಯಾಡಿ, ಸತ್ತಿತು. ಆಗ ಅವನು ಹೇಳಿದ್ದು: ಓದೋಕೆ ಬರಲ್ವಾ ನಿನಗೆ? ಕಣ್ಣಿಗೆ ಹೊಡೆಯೋ ಹಾಗೆ ಬರೆದಿದೀನಲ್ಲ! ಬೀಗರು ನಕ್ಕರು. ನಗಲಿ, ಬೀಗರು ಇರುವುದೇ ಅದಕ್ಕೆ. ಅವನೂ ನಕ್ಕ. ಅಕ್ಕ ಕೂಡ ನಗಲು ಪ್ರಯತ್ನಿಸಿದಳು, ಆಮೇಲೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ಮನೆಯ ಯಾವ ತಿರುಪನ್ನೂ ಮುಟ್ಟಿಲ್ಲ. ವಾರ್ತೆ ಕೇಳಬೇಕೆನಿಸಿದರೆ ಬಾಗಿಲ ಬಳಿ ಬಂದು, ಯಾರಾದರೂ ಸ್ವಲ್ಪ ರೇಡಿಯೋ ಹಾಕ್ತೀರಾ, ಎಂದು ಕೇಳುತ್ತಾಳೆ. ‘ಯಾರಾದರೂ’ ಎನ್ನುವಾಗ ಅವನ ಕಡೆ ನೋಡುವುದಿಲ್ಲ. ಆ ಒಂದು ಶಬ್ದ ಅವನ ಎದೆಯಲ್ಲಿ ಮುಳ್ಳಾಗಿ ಕೂತಿದೆ, ಸುಳ್ಳೇಕೆ ಹೇಳಬೇಕು.

ಪರೀಕ್ಷೆಯ ಕೋಣೆಯ ಬಾಗಿಲು ತೆರೆದಾಗ ಅವನಿಗೆ ಮೊದಲು ಕಂಡದ್ದು ಮೇಜು ಇಲ್ಲದಿರುವುದು. ಮೇಡಂ, ಅಂದರೆ ಇಡೀ ವಿನ್ಯಾಸ ವಿಭಾಗದ ಮುಖ್ಯ ಇಂಜಿನಿಯರ್, ಬೆಳಿಗ್ಗೆಯೇ ಬಂದು ಕೋಣೆಯನ್ನು ಮನೆಯ ಹಾಗೆ ಮಾಡಿಸಿದ್ದರು. ಮೊಣಕಾಲೆತ್ತರದ ಗೂಡು, ಅದರ ಮೇಲಿನ ಹಲಗೆಯಲ್ಲಿ ಟಿವಿ, ಅದರ ಒಂದು ಪಕ್ಕ ಪೆಟ್ಟಿಗೆ, ಇನ್ನೊಂದು ಪಕ್ಕ ಟೇಪು, ಎರಡು ಕೊನೆಗೆ ಸ್ಪೀಕರು. ಗೂಡನ್ನು ಗೋಡೆಗೆ ತಳ್ಳಿ, ಪೆಟ್ಟಿಗೆಯನ್ನು ಹಲಗೆಗೆ ಸ್ಕ್ರೂ ಹಾಕಿ ಬಿಗಿದಿದ್ದರು. “ಮನೇಲಿ ಯಾರೂ ಎತ್ತಿ ತಿರುಗಿಸಿ ನೋಡಲ್ಲ, ಅಲ್ವಾ?” ಎಂದರು ಮೇಡಂ, ಅವನ ಮುಖ ನೋಡುತ್ತ. ಮಾರಾಟ ವಿಭಾಗದವನು ಕಾಗದ ಹಿಡಿದು ಕುರ್ಚಿಯಲ್ಲಿ ಕೂತಿದ್ದ. ಪರೀಕ್ಷೆಗೆ ಒಂದೇ ಕಟ್ಟುನಿಟ್ಟು: ಅಕ್ಷರ ಬರೆದವನು ಕೋಣೆಯಲ್ಲಿ ಇರಬಹುದು, ಆದರೆ ಉಸಿರೆತ್ತಬಾರದು. ಬರೆದದ್ದು ತಾನೇ ಮಾತಾಡಬೇಕು. ಈ ನಿಯಮ ಮಾಡಿದವನೂ ಅವನೇ, ಬಹಳ ವರ್ಷದ ಹಿಂದೆ, ತುಸು ಜಂಬದಿಂದ. ಈಗ ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತ.

“ಅಮ್ಮ, ಟಿವಿ ಸದ್ದು ಈ ಸ್ಪೀಕರಲ್ಲಿ ಬರಬೇಕು. ವೈರುಗಳು ಇಲ್ಲಿವೆ. ಅವಸರ ಇಲ್ಲ,” ಎಂದರು ಮೇಡಂ.

ಅಕ್ಕ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮುಂದೆ ನಿಂತಳು. ಮುಂದಿನ ತಿರುಪುಗಳನ್ನು ಒಂದೊಂದಾಗಿ ಓದಿದಳು. ತುಟಿ ಅಲುಗಿದ್ದು ಕಂಡಿತು, ಅವನಿಗೆ ಕುಣಿಯುವಂತಾಯಿತು. ಆಮೇಲೆ ವೈರು ಎತ್ತಿಕೊಂಡು, ಇದು ಹಿಂದೆ ಇರಬೇಕು ಎಂದುಕೊಂಡವಳ ಹಾಗೆ ಪೆಟ್ಟಿಗೆಯನ್ನು ಹಿಡಿದು ಎಳೆದಳು. ಬರಲಿಲ್ಲ. ಪಕ್ಕಕ್ಕೆ ಹೋಗಿ ಇಣುಕಿದಳು, ಗೋಡೆಗೂ ಪೆಟ್ಟಿಗೆಗೂ ನಡುವೆ ಕೈ ಹೋಗುವಷ್ಟೇ ಜಾಗ. ಮತ್ತೆ ಮುಂದೆ ಬಂದು, ಒಂದು ಕೈ ಟಿವಿಗೆ ಆನಿಸಿ, ಪೆಟ್ಟಿಗೆಯ ಮೇಲಿನಿಂದ ಬಗ್ಗಿ, ತಲೆಯನ್ನು ಆಚೆ ತೂರಿಸಿದಳು. ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಅದನ್ನು ತಳ್ಳಿಕೊಂಡು ಮತ್ತೆ ಬಗ್ಗಿದಳು. ಕತ್ತನ್ನು ಒಂದು ಕಡೆ ತಿರುಗಿಸಿದಳು, ಇನ್ನೊಂದು ಕಡೆ ತಿರುಗಿಸಿದಳು. ಕಿವಿ ಕೆಂಪಾಗುತ್ತಿತ್ತು. ಬಲಕ್ಕೆ ಅಕ್ಕ, ಬಲಕ್ಕೆ, ಎಂದು ಅವನ ಒಳಗೆ ಯಾರೋ ಕೂಗುತ್ತಿದ್ದರು. ಏನು ಕಷ್ಟ ಇವಳಿಗೆ? ನಿನ್ನೆಯವರಿಗೆ ಆಗಿದ್ದು ಇವಳಿಗೆ ಯಾಕೆ ಆಗಲ್ಲ? ಎಂದು ಒಂದು ಕ್ಷಣ, ಒಂದೇ ಕ್ಷಣ, ಆ ಭಾನುವಾರದ ಸಿಡುಕೇ ಮತ್ತೆ ತಲೆ ಎತ್ತಿತು. ಅದು ಎತ್ತಿದ್ದು ಗೊತ್ತಾಗಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಕ್ಕ ನೆಟ್ಟಗೆ ನಿಂತಳು. ವೈರನ್ನು ಸುರುಳಿ ಸುತ್ತಿ, ಎಲ್ಲಿಂದ ಎತ್ತಿಕೊಂಡಿದ್ದಳೋ ಅಲ್ಲಿಯೇ ಇಟ್ಟಳು.

“ನನಗೆ ಓದೋಕೆ ಬರಲ್ಲ ಮೇಡಂ,” ಎಂದಳು.

ಅವನ ಕಡೆ ನೋಡಲಿಲ್ಲ. ಮಾರಾಟದವನು, ಛೇ ಪಾಪ, ಎನ್ನುವ ಮುಖ ಮಾಡಿ ಕಾಗದದಲ್ಲಿ ಅದನ್ನೇ ಬರೆದುಕೊಂಡ. ಅಕ್ಕ ಕನ್ನಡಕವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, “ಕ್ಯಾಂಟೀನ್ ಎಲ್ಲಿದೆ? ಅಲ್ಲಿ ಕೂತಿರ್ತೀನಿ,” ಎಂದು ಬಾಗಿಲು ತೆರೆದುಕೊಂಡು ಹೋದಳು.

“ಅವಳಿಗೆ ಓದೋಕೆ ಬರುತ್ತೆ,” ಎಂದ ಅವನು.

“ನೀವು ಮಾತಾಡೋ ಹಾಗಿಲ್ಲ ಅಕ್ಷರಪ್ಪ,” ಎಂದರು ಮೇಡಂ.

“ಬರುತ್ತೆ ಮೇಡಂ! ದಿನಾ ಪೇಪರ್ ಓದ್ತಾಳೆ, ಕೊನೇ ಪುಟದ ಸಾವಿನ ಸುದ್ದಿ ತನಕ ಬಿಡಲ್ಲ!” ಎನ್ನುತ್ತ ಅವನು ಗೋಡೆ ಬಿಟ್ಟು ಬಂದ. ಅಕ್ಕ ನಿಂತಿದ್ದಲ್ಲೇ ನಿಂತ. ಅವಳು ಟಿವಿಗೆ ಕೈ ಆನಿಸಿದ ಜಾಗದಲ್ಲೇ ಕೈ ಆನಿಸಿ, ಅವಳಂತೆಯೇ ಬಗ್ಗಿ ತಲೆಯನ್ನು ಆಚೆ ತೂರಿಸಿದ. ಅಲ್ಲಿ, ಅವನು ನಾಲ್ಕು ತಿಂಗಳು ಸಾಕಿದ ಹನ್ನೊಂದು ಮಾತುಗಳೂ ತಲೆ ಕೆಳಗೆ ಮಾಡಿ, ಕಾಲು ಮೇಲೆ ಮಾಡಿ ನಿಂತಿದ್ದವು. ಒಂದೂ ಗುರುತು ಹತ್ತಲಿಲ್ಲ. ಬರೆದವನಿಗೇ! ‘ಟೇಪಿನಿಂದ’ ಎಲ್ಲಿ, ‘ಸ್ಪೀಕರಿಗೆ’ ಎಲ್ಲಿ ಎಂದು ಅವನು ಎಣಿಸಿ ಊಹಿಸಬೇಕಾಯಿತು. ನೆತ್ತರು ತಲೆಗೆ ಇಳಿದು ಕಣ್ಣು ಮಂಜಾದರೂ ಏಳಲಿಲ್ಲ. ಸ್ಟುಡಿಯೋದಲ್ಲಿ ಯಂತ್ರದ ಹಿಂದೆ ಓಣಿಯೇ ಇರುತ್ತದೆ. ಕೆಲಸದವನು ಬ್ಯಾಟರಿ ಹಿಡಿದು ಹಿಂದೆ ಹೋಗಿ, ಎದುರಿಗೆ ನಿಂತು, ನೆಟ್ಟಗೆ ಓದುತ್ತಾನೆ. ಇಪ್ಪತ್ತಾರು ವರ್ಷ ಅವನು ಆ ಓಣಿಯವನಿಗೇ ಬರೆದದ್ದು. ಮನೆಯಲ್ಲಿ ಪೆಟ್ಟಿಗೆಯ ಹಿಂದೆ ನಿಲ್ಲುವವರು ಯಾರು? ಗೋಡೆ! ಹನ್ನೊಂದು ಮಾತುಗಳನ್ನೂ ಅವನು ಇಷ್ಟು ಅಂದವಾಗಿ ಗೋಡೆಗೆ ಬರೆದಿದ್ದ. ಅವನಿಗೆ ನಗು ಬಂತು, ಬಗ್ಗಿದಲ್ಲೇ ನಕ್ಕ. ಸಂತೋಷವಾಯಿತು. ಹೌದು, ಸಂತೋಷವೇ. ನಾಚಿಕೆಯಾಗಬೇಕಿತ್ತು, ಅದು ಆಮೇಲೆ ನಿಧಾನವಾಗಿ ಬಂತು. ಮೊದಲು ಬಂದದ್ದು, ಕಳೆದುಹೋದ ಬೀಗದ ಕೈ ಜೇಬಿನಲ್ಲೇ ಸಿಕ್ಕಿದವನ ಖುಷಿ.

“ತಲೆಕೆಳಗೆ ಬರೀಬೇಕು!” ಎನ್ನುತ್ತ ಅವನು ಎದ್ದು ನಿಂತಾಗ ಮುಖವೆಲ್ಲ ಕೆಂಪು, ಕೂದಲು ಚೆದುರಿತ್ತು. “ಹಿಂದಿನ ಹಲಗೆಯ ಒಂದೊಂದು ಮಾತನ್ನೂ ಅದರ ಜಾಗದಲ್ಲೇ ತಲೆಕೆಳಗೆ ತಿರುಗಿಸಬೇಕು. ಮುಂದಿನಿಂದ ಬಗ್ಗಿ ನೋಡಿದವರಿಗೆ ನೆಟ್ಟಗೆ ಕಾಣುತ್ತೆ!”

ಮೇಡಂ ತಾವೂ ಹೋಗಿ ಬಗ್ಗಿ ನೋಡಿದರು. ಅವರ ಸರ ಜೋಲಾಡಿ ಪೆಟ್ಟಿಗೆಗೆ ತಾಗಿ ಟಿಣಿ ಟಿಣಿ ಸದ್ದು ಮಾಡಿತು. ಎದ್ದು ಸರವನ್ನು ಸರಿಮಾಡಿಕೊಂಡರು.

“ಹುಚ್ಚು ಹಿಡೀತಾ ನಿಮಗೆ?” ಎಂದ ಮಾರಾಟದವನು. “ಅಂಗಡೀಲಿ ಗಿರಾಕಿ ತಿರುಗಿಸಿ ನೋಡ್ತಾನೆ. ಅಕ್ಷರ ಉಲ್ಟಾ ಅಚ್ಚಾಗಿದೆ, ಕೆಟ್ಟ ಮಾಲು ಅಂತ ಮುಖದ ಮೇಲೆ ಎಸೀತಾನೆ.”

“ಅಂಗಡೀಲಿ ಒಂದು ಸಲ ನೋಡ್ತಾನೆ ಸ್ವಾಮಿ. ಮನೇಲಿ ಹತ್ತು ವರ್ಷ ಬಗ್ತಾನೆ.”

ಮೇಡಂ ಗಡಿಯಾರ ನೋಡಿದರು. ಹತ್ತು ಮುಕ್ಕಾಲು. “ಒಂದು ಗಂಟೆಗೆ ಅಚ್ಚಿನ ಕೋಣೆ ನಮ್ಮ ಕೈ ತಪ್ಪಿ ಹೋಗುತ್ತೆ. ಕಾಗದದ ಮೇಲೆ ಬರೆದು ಪೆಟ್ಟಿಗೆಗೆ ಅಂಟಿಸಿ ತನ್ನಿ. ಇದೇ ಅಮ್ಮ, ಇದೇ ಗೂಡು. ಅವರು ಸಿಕ್ಕಿಸಿದರೆ ಆಯ್ತು. ಇಲ್ಲದಿದ್ರೆ ಹಳೇದೇ ಹೋಗುತ್ತೆ, ಅಕ್ಷರಪ್ಪ.” ಇದೇ ಅಮ್ಮ ಎನ್ನುವ ಮಾತು ಕೇಳಿ ಅವನ ಹುರುಪಿನ ಒಳಗೆ ತಣ್ಣಗೆ ಏನೋ ಇಳಿಯಿತು.

ಕ್ಯಾಂಟೀನಿನ ಮೂಲೆಯಲ್ಲಿ ಅಕ್ಕ ಟೀ ಲೋಟ ಹಿಡಿದು ಕೂತಿದ್ದಳು. ಕುಡಿದಿರಲಿಲ್ಲ, ಕೆನೆ ಕಟ್ಟಿತ್ತು. ಅವನು ಪೆಟ್ಟಿಗೆಯನ್ನು ಹೊತ್ತು ತಂದು ಇಬ್ಬರ ನಡುವೆ ಇಟ್ಟ, ಬೆನ್ನು ತನ್ನ ಕಡೆಗೆ, ಮುಖ ಅವಳ ಕಡೆಗೆ. ಅಂಟು, ಕತ್ತರಿ, ಹನ್ನೊಂದು ಚೀಟಿ. ಕೂರುವ ಮೊದಲೇ ಮಾತು ಶುರುವಾಯಿತು. ಓಣಿ, ಗೋಡೆ, ಬ್ಯಾಟರಿ, ತಲೆಕೆಳಗೆ, ಒಂದು ಗಂಟೆ, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದುಬಿಟ್ಟ. ಅಕ್ಕ ಕೆನೆಯನ್ನು ಬೆರಳಿಂದ ಪಕ್ಕಕ್ಕೆ ಸರಿಸುತ್ತಿದ್ದಳು.

“ಅದಕ್ಕೆ ಈಗ ನಾನು ಇನ್ನೊಂದು ಸಲ ಹೋಗಿ ಬಗ್ಗಬೇಕು,” ಎಂದಳು.

“ಹ್ಞೂಂ ಅಕ್ಕ.”

“ಬೇಕಾದಾಗ ದಡ್ಡಿ, ಬೇಕಾದಾಗ ಪರೀಕ್ಷೆ ಮಾಡೋಳು. ಚೆನ್ನಾಗಿದೆ ಕಣೋ ನಿನ್ನ ನ್ಯಾಯ.”

ಅವನು ಕತ್ತರಿಯನ್ನು ಮೇಜಿನ ಮೇಲಿಟ್ಟ. ಅವನು ಏನೇನೋ ಹೇಳಬಹುದಿತ್ತು. ಆ ಸ್ಟುಡಿಯೋ ಯಂತ್ರ ಮನೆಯವರಿಗಾಗಿ ಮಾಡಿದ್ದಲ್ಲ, ಅದರ ಎರಡೂವರೆ ಅಕ್ಷರ ನಿನಗೆ ಅರ್ಥವಾಗುವ ಹಾಗೇ ಇರಲಿಲ್ಲ, ಅದನ್ನು ಮನೆಗೆ ತಂದಿಟ್ಟವನದ್ದೇ ತಪ್ಪು ಎಂದು ಲೆಕ್ಕಾಚಾರವಾಗಿ ವಿವರಿಸಬಹುದಿತ್ತು. ಕ್ಯಾಂಟೀನಿನವಳು ತಟ್ಟೆಗಳನ್ನು ಜೋಡಿಸುವ ಸದ್ದು ಅವನ ತಲೆಯ ಒಳಗೇ ಆಗುತ್ತಿದ್ದಂತಿತ್ತು.

“ಅವತ್ತು ನಾನು ನಗಬಾರದಿತ್ತು,” ಎಂದ. “ತಪ್ಪಾಯ್ತು ಅಕ್ಕ.”

ಅಕ್ಕ ಪರವಾಗಿಲ್ಲ ಬಿಡು ಎನ್ನಲಿಲ್ಲ. ಚೀಲದಿಂದ ಡಬ್ಬಿ ತೆಗೆದು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, “ಅಂಟಿಸು, ಟೈಮಾಗುತ್ತೆ,” ಎಂದಳು. ಅವನು ಅಂಟಿಸತೊಡಗಿದ. ಮೊದಲನೆಯದು ಸರಿಯಾಯಿತು, ಎರಡನೆಯದೂ. ಮೂರನೆಯದು ಅಂಟಿಸಿದ ಮೇಲೆ ನೋಡಿದರೆ ತನ್ನ ಕಡೆಗೆ ನೆಟ್ಟಗೆ ಕೂತಿದೆ. ಕಿತ್ತು ತಿರುಗಿಸಿದ. ಐದನೆಯದು ಮತ್ತೆ ಹಾಗೇ. ಮನಸ್ಸು ಅವಳಿಗೆ ಎನ್ನುತ್ತದೆ, ಕೈ ಮಾತ್ರ ತನಗೇ ನೆಟ್ಟಗೆ ಮಾಡಿಕೊಳ್ಳುತ್ತದೆ. ತನ್ನ ಕೈ ಇಷ್ಟು ಸ್ವಾರ್ಥಿ ಎಂದು ಅವನಿಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ. ಪೆಟ್ಟಿಗೆಯ ಮೇಲಿಂದ ಇಣುಕುತ್ತಿದ್ದ ಅಕ್ಕ ಆ ದಿನ ಮೊದಲ ಬಾರಿಗೆ ನಕ್ಕಳು.

“ಕೈ ಮಾತು ಕೇಳಲ್ಲ ಅಲ್ವಾ? ನನಗೂ ಮೊದಮೊದಲು ಹಾಗೇ ಆಗ್ತಿತ್ತು.”

“ಯಾವಾಗ?”

“ನಿನಗೆ ಅಕ್ಷರ ಹೇಳಿಕೊಟ್ಟಾಗ. ಪಕ್ಕದಲ್ಲಿ ಕೂರೋ ಅಂದ್ರೆ ಕೂರ್ತಿರಲಿಲ್ಲ, ಕೈ ಹಿಡಿದು ತಿದ್ದಿಸೋಕೆ ಬಿಡ್ತಿರಲಿಲ್ಲ, ಅಷ್ಟು ಹಟ. ನೀನು ಎದುರಿಗೇ ಕೂರ್ತಿದ್ದೆ. ಸ್ಲೇಟು ನಿನ್ನ ಕಡೆಗೇ ಇರಬೇಕು, ತಿರುಗಿಸಿದ್ರೆ ರಂಪ. ಅದಕ್ಕೆ ನಾನು ಈ ಕಡೆಯಿಂದ ತಲೆಕೆಳಗೆ ಬರೀತಿದ್ದೆ, ನಿನಗೆ ನೆಟ್ಟಗೆ ಕಾಣ್ಲಿ ಅಂತ. ವಾರಗಟ್ಟಲೆ ಅಡಿಗೆಮನೆ ನೆಲದ ಮೇಲೆ ನೀರಲ್ಲಿ ಬರೆದು ಬರೆದು ಅಭ್ಯಾಸ ಮಾಡಿದ್ದೆ.” ಅವಳು ಆಗ ಹನ್ನೊಂದು ವರ್ಷದವಳು. ಅವನಿಗೆ ಸ್ಲೇಟು ನೆನಪಿದೆ, ಬಳಪದ ಕಿರುಗುಟ್ಟುವ ಸದ್ದು ನೆನಪಿದೆ, ತನ್ನೆದುರು ದುಂಡಗೆ ಅರಳುತ್ತಿದ್ದ ಅಕ್ಷರಗಳೂ ನೆನಪಿವೆ. ಅವು ಆಚೆ ಕಡೆ ಕೂತವಳಿಗೆ ಹೇಗೆ ಕಾಣುತ್ತಿದ್ದವು ಎಂದು ಐವತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಎಲ್ಲ ಮಕ್ಕಳಿಗೂ ಅಕ್ಷರ ತಾನಾಗಿಯೇ ನೆಟ್ಟಗೆ ಬರುತ್ತದೆ ಎಂದುಕೊಂಡಿದ್ದ. ಓದೋಕೆ ಬರಲ್ವಾ ಎಂದು ಇವಳನ್ನೇ ಕೇಳಿದ್ದ. ಅವನಿಗೆ ಜೋರಾಗಿ ಅಳಬೇಕೆನಿಸಿತು, ಅದೇ ಹೊತ್ತಿಗೆ ಎದ್ದು ಓಡಿಹೋಗಿ ಇಡೀ ಕಾರ್ಖಾನೆಗೆ ಇದನ್ನು ಕೂಗಿ ಹೇಳಬೇಕೆನಿಸಿತು. ಎರಡೂ ಮಾಡಲಿಲ್ಲ. ಉಳಿದ ಚೀಟಿಗಳನ್ನು ಅಂಟಿಸಿದ. ಒಂದೊಂದು ಚೀಟಿಗೂ ಅಕ್ಕ ಆಚೆ ಕಡೆಯಿಂದ, ಸರಿ, ಸ್ವಲ್ಪ ಸೊಟ್ಟ, ಈಗ ಸರಿ, ಎನ್ನುತ್ತ ಹೋದಳು.

ಪೆಟ್ಟಿಗೆಯನ್ನು ಮತ್ತೆ ಗೂಡಿನ ಹಲಗೆಗೆ ಬಿಗಿದಾಗ ಹನ್ನೆರಡೂ ಇಪ್ಪತ್ತು. ಈ ಸಲ ಕೋಣೆಯಲ್ಲಿ ಜನ ಜಾಸ್ತಿ ಇದ್ದರು. ಅಚ್ಚಿನ ಕೋಣೆಯವನು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ಸುದ್ದಿ ಅವನ ತನಕ ಹೋಗಿತ್ತು. ಅಕ್ಷರಪ್ಪ ಮತ್ತೆ ಎದುರಿನ ಗೋಡೆಗೆ ಆನಿಕೊಂಡ. ಅಂಗೈ ಒದ್ದೆಯಾಗಿ ಸುಣ್ಣ ಅಂಟಿತು. ಅಕ್ಕ ಯಾರ ಅಪ್ಪಣೆಗೂ ಕಾಯದೆ ವೈರು ಎತ್ತಿಕೊಂಡಳು. ಟಿವಿಗೆ ಒಂದು ಕೈ ಆನಿಸಿ, ಇನ್ನೊಂದು ಕೈಯಲ್ಲಿ ಮೂಗಿನಿಂದ ಜಾರುವ ಕನ್ನಡಕವನ್ನೂ ವೈರನ್ನೂ ಒಟ್ಟಿಗೆ ಹಿಡಿದು ಬಗ್ಗಿದಳು. “ಟಿವಿಯಿಂದ,” ಎಂದು ಗಟ್ಟಿಯಾಗಿ ಓದಿದಳು. ಶಾಲೆಯಲ್ಲಿ ಪಾಠ ಓದುವವರಂತೆ, ತರಗತಿಗೆಲ್ಲ ಕೇಳುವ ಹಾಗೆ. ಚಿಟಕ್ ಎಂದು ಸಿಕ್ಕಿಸಿದಳು. ಎದ್ದು, ಸೊಂಟ ನೀವಿಕೊಂಡು, ಇನ್ನೊಂದು ವೈರು ಎತ್ತಿಕೊಂಡು ಮತ್ತೆ ಬಗ್ಗಿದಳು. “ಸ್ಪೀಕರಿಗೆ, ಎಡ.” ಚಿಟಕ್. ಮಾರಾಟದವನು ಬರೆಯುವುದನ್ನು ಬಿಟ್ಟು ನೋಡುತ್ತಿದ್ದ. ಉಳಿದದ್ದು ಒಂದೇ ವೈರು. ಅದನ್ನು ಹಿಡಿದು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಓದಲಿಲ್ಲ, ಸಿಕ್ಕಿಸಲೂ ಇಲ್ಲ. ಕೈ ಒಂದು ತೂತಿನ ಮೇಲೆ ಹೋಗಿ, ಅಲ್ಲಿಂದ ಪಕ್ಕಕ್ಕೆ ಸರಿದು, ಮತ್ತೆ ಹಿಂದೆ ಬಂತು. ಹತ್ತು ಎಣಿಸುವಷ್ಟು ಹೊತ್ತು. ಚೀಟಿ ಕಿತ್ತುಹೋಯಿತೇ? ಕೊನೆಯದನ್ನು ಅವಸರದಲ್ಲಿ ತನ್ನ ಕಡೆಗೇ ಅಂಟಿಸಿದೆನೇ? ಅವನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಬಂತು. ಮೇಡಂ ಬೆರಳನ್ನು ತುಟಿಗಿಟ್ಟು ತಲೆಯಾಡಿಸಿದರು. ಅವನಿಗೆ ತಡೆಯಲಾಗಲಿಲ್ಲ.

“ಅಕ್ಕಾ, ಅದು...”

“ಸುಮ್ಮನಿರೋ,” ಎಂದಳು ಅಕ್ಕ, ಬಗ್ಗಿದ ತಲೆಯನ್ನು ಎತ್ತದೆ. “ನೀನು ಬರೆದಿದ್ದು ಒಂದೊಂದೂ ನನಗೆ ಕಾಣಿಸ್ತಾ ಇದೆ.”